ನಾಯಿ ಪಾಲು

ನಮ್ಮ ಮಾತಿನಲ್ಲಿ 'ನಾಯಿ ಪಾಲಾಯ್ತು' ಅಂದರೆ ಹಾಳಾಯ್ತು ಅಂತಲೇ ಅರ್ಥ. ಬೇಟೆಯ ಲೆಕ್ಕದಲ್ಲಿ ಮಾತ್ರ ಅದಕ್ಕೊಂದು ಮರ್ಯಾದೆ ಇತ್ತು. ಗುಂಡು ಹೊಡೆದವನಿಗೆ ಇಂತಿಷ್ಟು, ಸೋವಿದವರಿಗೆ, ಅಂದರೆ ಪ್ರಾಣಿಯನ್ನು ಎಬ್ಬಿಸಿ ಅಟ್ಟಿದವರಿಗೆ ಇಂತಿಷ್ಟು, ಹೊತ್ತು ತಂದವರಿಗೆ ಇಂತಿಷ್ಟು ಅಂತ ಗುಡ್ಡೆ ಹಾಕುವಾಗ ನಾಯಿಯ ಹೆಸರಿನಲ್ಲೂ ಒಂದು ಗುಡ್ಡೆ ಬೀಳುತ್ತಿತ್ತು. ಪಾಲಿನ ಕಟ್ಟಳೆ ಊರಿಂದ ಊರಿಗೆ ಬೇರೆ. ಎಷ್ಟೋ ಕಡೆ ಆ ಗುಡ್ಡೆ ಸೇರುತ್ತಿದ್ದದ್ದು ನಾಯಿಯ ಯಜಮಾನನ ಅಡುಗೆಮನೆಗೆ. ನಾಯಿಯ ಬಾಯಿಗೆ ಬೀಳುತ್ತಿದ್ದದ್ದು ಕರುಳು, ಶ್ವಾಸಕೋಶ, ಕಲೆಬಿದ್ದ ಲಿವರಿನ ತುಂಡು, ಅಂದರೆ ಮನುಷ್ಯ ಕಣ್ಣಲ್ಲಿ ನೋಡಿ 'ಇದು ಬೇಡ' ಎಂದು ಕೊಯ್ದು ಎಸೆದದ್ದು.

ಬೇಟೆನಾಯಿಗೆ ಹಸಿ ಮಾಂಸ ಹಾಕಬೇಕೋ ಬೇಡವೋ ಎಂಬ ಚರ್ಚೆ ಎದ್ದಾಗೆಲ್ಲ ಈ ಗುಡ್ಡೆಯೇ ಕಣ್ಣಮುಂದೆ ಬರುತ್ತದೆ. ಚರ್ಚೆ ಯಾವಾಗಲೂ ಹಸಿಯೋ ಬೇಯಿಸಿದ್ದೋ ಎಂಬಲ್ಲೇ ಸುತ್ತುತ್ತದೆ. ಯಾವ ಭಾಗ, ಯಾವ ಪ್ರಾಣಿಯದ್ದು, ಅದು ಸತ್ತದ್ದು ಹೇಗೆ, ಸತ್ತು ಎಷ್ಟು ಹೊತ್ತಾಯಿತು ಎಂಬುದನ್ನು ಯಾರೂ ಕೇಳುವುದಿಲ್ಲ. ನಾಯಿಗೂ ಮನೆಯವರಿಗೂ ಕೆಡುಕಾಗುವುದು ಹೆಚ್ಚಾಗಿ ಅಲ್ಲಿಂದಲೇ.

ಕಾನೂನಿನ ಮಾತು ಮೊದಲೇ ಮುಗಿಸಿಬಿಡೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ. ಅಟ್ಟುವುದು, ಉರುಳು ಹಾಕುವುದು, ಆಮಿಷ ಇಡುವುದು, ಇವುಗಳ ಪ್ರಯತ್ನ, ಎಲ್ಲವೂ ಅದರಲ್ಲಿ ಸೇರಿದೆ. ನಾಯಿ ಬಿಟ್ಟು ಹಂದಿ ಓಡಿಸಿ ಹಿಡಿಸಿದರೂ ಅದು ಬೇಟೆಯೇ. ಕಾಡುಪ್ರಾಣಿಯ ಮಾಂಸ ಮನೆಯಲ್ಲಿರುವುದೂ ಅಪರಾಧವೇ. 'ನಾಯಿಗೆ ಅಂತ ಇಟ್ಟದ್ದು' ಎಂಬ ಸಬೂಬು ನಿಲ್ಲುವುದಿಲ್ಲ. ತೋಟದಲ್ಲಿ ಸತ್ತುಬಿದ್ದ ಹಂದಿ ಸಿಕ್ಕಿದರೆ ನಾಯಿಯನ್ನು ಕಟ್ಟಿಹಾಕಿ ಅರಣ್ಯ ಇಲಾಖೆಯವರಿಗೆ ತಿಳಿಸುವುದೊಂದೇ ದಾರಿ. ಹಾಗಿದ್ದರೆ ಈಗ ಈ ವಿಷಯ ಯಾಕೆ ಎಂದರೆ, ಬೇಟೆ ನಿಂತರೂ ನಾಯಿ ಪಾಲು ನಿಂತಿಲ್ಲ. ಅದು ಈಗ ಕೋಳಿ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ, ಬಂದರಿನ ಕಸದ ಬುಟ್ಟಿಯಲ್ಲಿ ಬರುತ್ತಿದೆ.

ಸೊಪ್ಪಿನ ಮೇಲೆ ಕೊಯ್ಯುವಾಗ

ಘಟ್ಟದ ಮೇಲಿನ ಹಳೆಯ ನೋಟ ಇದು. ನೆಲಕ್ಕೆ ಸೊಪ್ಪು ಹಾಸಿದೆ, ಹಂದಿಯ ಕೂದಲು ಸುಟ್ಟ ವಾಸನೆ ಇನ್ನೂ ಹೋಗಿಲ್ಲ. ನಾಲ್ಕೈದು ನಾಯಿಗಳು ಎರಡು ಮಾರು ದೂರದಲ್ಲಿ ಮುಂಗಾಲ ಮೇಲೆ ತಲೆಯಿಟ್ಟು ಕಾದಿವೆ. ಹೊಟ್ಟೆ ಬಗೆದವನು ಲಿವರನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಾನೆ. ಒಂದು ಮೂಲೆಯಲ್ಲಿ ನಿಂಬೆಹಣ್ಣಿನ ಗಾತ್ರದ ಬಿಳಿಯ ಗುಳ್ಳೆ, ಒಳಗೆ ತಿಳಿನೀರು. ಅಷ್ಟು ಭಾಗವನ್ನು ಚೊಕ್ಕವಾಗಿ ಕತ್ತರಿಸಿ ಹಿಂದಕ್ಕೆ ಎಸೆಯುತ್ತಾನೆ. ಅದು ನೆಲ ಮುಟ್ಟುವ ಮೊದಲೇ ನಾಯಿಯ ಬಾಯಲ್ಲಿರುತ್ತದೆ.

ಕೊಯ್ದವನ ಕಣ್ಣು ಸರಿಯಾಗಿಯೇ ಇತ್ತು, ಎಸೆದ ದಿಕ್ಕು ತಪ್ಪಿತು. ಆ ಗುಳ್ಳೆ ಎಕಿನೊಕಾಕಸ್ ಎಂಬ ಲಾಡಿಹುಳುವಿನ ಮರಿಕೋಶ. ಒಳಗಿನ ನೀರನ್ನು ಗಾಜಿನ ಲೋಟಕ್ಕೆ ಸುರಿದರೆ ತಳದಲ್ಲಿ ನುಣ್ಣನೆ ಮರಳಿನಂಥ ಕಣಗಳು ಕೂರುತ್ತವೆ. ಆ ಒಂದೊಂದು ಕಣವೂ ಒಂದು ಹುಳುವಿನ ತಲೆ. ದೊಡ್ಡ ಗುಳ್ಳೆಯೊಂದರಲ್ಲಿ ಅಂಥವು ಸಾವಿರಗಟ್ಟಲೆ ಇರುತ್ತವೆ. ನಾಯಿಯ ಸಣ್ಣ ಕರುಳಿಗೆ ಹೋಗಿ ಕಚ್ಚಿಕೊಂಡು ಬೆಳೆದರೆ 2ರಿಂದ 7 ಮಿಲಿಮೀಟರ್ ಉದ್ದ, ಮೂರೋ ನಾಲ್ಕೋ ಗೆಣ್ಣು. ಆರೇಳು ವಾರಕ್ಕೆ ಮೊಟ್ಟೆ ಶುರು. ಹಂದಿಯೊಂದೇ ಅಲ್ಲ, ಕುರಿ, ಆಡು, ಎಮ್ಮೆ, ದನಗಳ ಲಿವರು ಮತ್ತು ಶ್ವಾಸಕೋಶದಲ್ಲೂ ಈ ಗುಳ್ಳೆ ಇರಬಹುದು. ಹೊಟ್ಟೆಯ ಪೊರೆಗೆ ಜೋತುಬಿದ್ದ ನೀರುಗುಳ್ಳೆಯಾದರೆ ಅದು ಸಾಮಾನ್ಯವಾಗಿ ಬೇರೆ ಜಾತಿಯ ಲಾಡಿಹುಳು, ಅಷ್ಟು ಅಪಾಯದ್ದಲ್ಲ. ಆದರೆ ಕತ್ತಿ ಹಿಡಿದು ನಿಂತವನು ಎರಡನ್ನೂ ಬೇರ್ಪಡಿಸಿ ನೋಡುತ್ತ ಕೂರಲಾರ. ಗುಳ್ಳೆ ಕಂಡದ್ದೆಲ್ಲ ಬೆಂಕಿಗೆ ಎಂಬ ಒಂದೇ ನಿಯಮ ಸಾಕು.

'ತೋಳ ಹಸಿ ತಿನ್ನಲ್ವಾ, ಕಾಡುನಾಯಿ ತಿನ್ನಲ್ವಾ, ಅವಕ್ಕೆ ಏನಾಗಿದೆ' ಅನ್ನುವವರಿದ್ದಾರೆ. ಏನೂ ಆಗುವುದಿಲ್ಲ, ಅದೇ ತೊಂದರೆ. ಸಾವಿರ ಹುಳು ಹೊತ್ತ ನಾಯಿಯೂ ಮೈಕೈ ತುಂಬಿಕೊಂಡು ಚುರುಕಾಗಿ ಓಡಾಡುತ್ತದೆ, ಭೇದಿಯೂ ಇಲ್ಲ. ಮಲದಲ್ಲಿ ಬರಿಗಣ್ಣಿಗೆ ಏನೂ ಕಾಣದು. ಮೊಟ್ಟೆಗಳು ಮಲದೊಡನೆ ಹೊರಬಿದ್ದು ನಾಯಿಯ ಬಾಲಕ್ಕೆ, ತೊಡೆಯ ಕೂದಲಿಗೆ ಅಂಟುತ್ತವೆ. ನಾಯಿ ನೆಕ್ಕಿಕೊಂಡಾಗ ಮೂತಿಗೂ ಬರುತ್ತವೆ. ಕಾಯಿಲೆ ಬೀಳುವುದು ಅದರ ತಲೆ ಸವರಿ ಹಾಗೇ ಅವಲಕ್ಕಿ ತಿಂದ ಮಗು. ಆ ಮಗುವಿನ ಲಿವರಿನಲ್ಲಿ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಗೊತ್ತಾಗುವ ಹೊತ್ತಿಗೆ ಮಗು ದೊಡ್ಡದಾಗಿ ಮದುವೆಯೂ ಆಗಿರಬಹುದು. ಆಗ ಎಷ್ಟೋ ಸಲ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಗುಳ್ಳೆ ಒಡೆದು ನೀರು ಒಳಗೇ ಚೆಲ್ಲಿದರೆ ಪ್ರಾಣಕ್ಕೇ ಕುತ್ತು.

ಈ ಮೊಟ್ಟೆ ಫಿನಾಯಿಲಿಗೂ ಬ್ಲೀಚಿಂಗ್ ಪುಡಿಗೂ ಜಗ್ಗುವುದಿಲ್ಲ. ಒಣ ಬಿಸಿಲು ಮತ್ತು ಕುದಿನೀರು ಅದರ ಶತ್ರು. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದಲ್ಲಿ ಬಿಸಿಲಿಗೇ ಬರ. ತೇವ, ನೆರಳು, ಮುಚ್ಚಿಗೆಯ ಸೊಪ್ಪು, ಎಲ್ಲ ಮೊಟ್ಟೆಗೆ ಹೇಳಿ ಮಾಡಿಸಿದ ಹಾಗಿವೆ. ಅಲ್ಲಿ ತಿಂಗಳುಗಟ್ಟಲೆ ಅದು ಜೀವ ಹಿಡಿದಿರುತ್ತದೆ. ಅದೇ ತೋಟದ ಕಾದಿಗೆಯ, ಅಂದರೆ ನೀರು ಹರಿದುಹೋಗುವ ಕಾಲುವೆಯ, ಅಂಚಿನಲ್ಲಿ ನೆಲಕ್ಕೆ ಅಂಟಿಕೊಂಡು ಒಂದೆಲಗ ಬೆಳೆದಿರುತ್ತದೆ. ಹರಿವೆ, ಬಸಳೆಯಾದರೆ ಬೇಯುತ್ತದೆ. ತಂಬುಳಿಗೆ ಒಂದೆಲಗವನ್ನು ಎಷ್ಟೋ ಮನೆಗಳಲ್ಲಿ ಹಸಿಯಾಗಿಯೇ ಅರೆಯುತ್ತಾರೆ. ನಾಯಿ ಓಡಾಡುವ ತೋಟದ್ದಾದರೆ ಒಂದೊಂದೇ ಎಲೆಯನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಬೇಕು. ಅದಕ್ಕಿಂತ ಒಳ್ಳೆಯದು ಕುದಿನೀರಿನಲ್ಲಿ ಬಾಡಿಸಿ ಅರೆಯುವುದು. ರುಚಿ ತುಸು ಬೇರೆಯಾದೀತು, ಆಗಲಿ.

ಗುಂಡಿನ ವಿಷಯವೂ ಇದೆ. ನಾಡಕೋವಿಯ ಸೀಸದ ಚರೆ ಮಾಂಸಕ್ಕೆ ಹೊಕ್ಕಾಗ ಪುಡಿಪುಡಿಯಾಗಿ ಸುತ್ತಲೂ ಹರಡುತ್ತದೆ. ಆ ಪುಡಿ ಕಣ್ಣಿಗೆ ಕಾಣುವುದಿಲ್ಲ. ಗಾಯದ ಸುತ್ತಲಿನ ರಕ್ತ ಹೆಪ್ಪುಗಟ್ಟಿದ ಮಾಂಸವನ್ನು 'ನಾಯಿಗೆ' ಎಂದು ತೆಗೆದಿಡುತ್ತಿದ್ದರಲ್ಲ, ಸೀಸ ಹೆಚ್ಚಿರುವುದು ಸರಿಯಾಗಿ ಅಲ್ಲೇ. ಮರಿಗಳ ಕರುಳು ದೊಡ್ಡ ನಾಯಿಗಿಂತ ಹೆಚ್ಚು ಸೀಸ ಹೀರುತ್ತದೆ. ವಾಂತಿ, ಹೊಟ್ಟೆನೋವು, ಕೊನೆಗೆ ಫಿಟ್ಸ್ ಬಂದರೆ ಜನ ಹುಚ್ಚು ಎಂದೋ ಮಾಟ ಎಂದೋ ಅಂದುಕೊಂಡದ್ದುಂಟು. ಉರುಳಿಗೆ ಬಿದ್ದು ಎರಡು ದಿನ ಒದ್ದಾಡಿ ಸತ್ತ ಪ್ರಾಣಿಯದ್ದು ಇನ್ನೊಂದು ಬಗೆ, ಅದರ ಮಾಂಸ ಬಿಸಿಯಾರುವ ಮೊದಲೇ ಕೊಳೆಯಲು ಶುರುವಾಗಿರುತ್ತದೆ. ಬೆಳೆಗೆ ಹಾಕಿದ ಹರಳು ಕೀಟನಾಶಕ ತಿಂದು ಸತ್ತದ್ದಾದರೆ ಅದನ್ನು ತಿಂದ ನಾಯಿಯೂ ಅದೇ ದಾರಿ ಹಿಡಿಯುತ್ತದೆ. ಜೊಲ್ಲು ಸುರಿಯುತ್ತದೆ, ಮೈ ನಡುಗುತ್ತದೆ, ಕಣ್ಣಪಾಪೆ ಸಾಸಿವೆಯಷ್ಟಾಗುತ್ತದೆ. ಆಗ ಹುಳಿಮಜ್ಜಿಗೆ ಕುಡಿಸುತ್ತ ಕೂರಬಾರದು. ಅಟ್ರೋಪಿನ್ ಚುಚ್ಚುವ ಪಶುವೈದ್ಯರ ಬಳಿ ಓಡಬೇಕು.

'ನಮ್ಮ ಕುನ್ನಿ ಮಾಂಸ ಮುಟ್ಟೂದಿಲ್ಲೆ'

ಹಂದಿ, ಮಂಗ, ಮುಳ್ಳುಹಂದಿಯ ಕಾಟಕ್ಕೆ ಅಡಿಕೆ ತೋಟದ ಮನೆಗಳಲ್ಲಿ ನಾಯಿ ಬೇಕೇ ಬೇಕು. ಎಷ್ಟೋ ಮನೆ ಸಸ್ಯಾಹಾರಿಗಳದ್ದು, ಹಾಗಾಗಿ ನಾಯಿಗೂ ಮಜ್ಜಿಗೆ ಅನ್ನ. ಲಾಡಿಹುಳುವಿನ ಮಾತ್ರೆ ಹಾಕಿಸಿದ್ದೀರಾ ಎಂದು ಕೇಳಿದರೆ ಮೇಲಿನ ಉತ್ತರ ಬರುತ್ತದೆ. ಹದಿನೈದು ಕಿಲೋದ ನಾಯಿ ಎರಡು ಹೊತ್ತಿನ ಮಜ್ಜಿಗೆ ಅನ್ನದಲ್ಲಿ ರಾತ್ರಿಯೆಲ್ಲ ಸೊಪ್ಪಿನ ಬೆಟ್ಟ ಸುತ್ತಿ ಹಂದಿ ಓಡಿಸುತ್ತಿದೆ, ಮೈಯಲ್ಲಿ ಮಾಂಸವೂ ಇದೆ ಎಂದಾದರೆ ಆ ಮಾಂಸ ಅನ್ನದಿಂದ ಬಂದದ್ದಲ್ಲ. ಇಲಿ, ಹೆಗ್ಗಣ, ಮೊಲದ ಮರಿ, ಬೆಟ್ಟದಲ್ಲಿ ಸತ್ತುಬಿದ್ದ ಕರು, ಎಲ್ಲ ಹಸಿಯಾಗಿಯೇ ಒಳಗೆ ಹೋಗುತ್ತಿರುತ್ತವೆ. ಬೇಟೆಗಾರನ ನಾಯಿ ಏನು ತಿಂತು ಎಂದು ಬೇಟೆಗಾರನಿಗೆ ಗೊತ್ತಿತ್ತು. ಇಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಮಜ್ಜಿಗೆ ಅನ್ನ ಕಡಿಮೆಯಾದಷ್ಟೂ ಅದು ಹೊರಗೆ ಹುಡುಕುವುದು ಜಾಸ್ತಿ.

ಕೊಟ್ಟಿಗೆಯಲ್ಲೂ ಒಂದು ನಾಯಿ ಪಾಲು ಇದೆ: ಆಕಳು ಹಾಕಿದ ಕಸ, ಅಂದರೆ ಮಾಸು. ಕರು ಹಾಕಿ ಆರೆಂಟು ತಾಸಿಗೆ ಕಸ ಬೀಳುತ್ತದೆ. ಎಲ್ಲರೂ ಮಲಗಿದ್ದರೆ ಬೆಳಗಿನೊಳಗೆ ಅದು ಮಾಯ. ಆ ಆಕಳಲ್ಲಿ ನಿಯೋಸ್ಪೋರಾ ಎಂಬ ಸೂಕ್ಷ್ಮಜೀವಿ ಇದ್ದರೆ ಹಸಿ ಕಸ ತಿಂದ ನಾಯಿಯ ಕರುಳಿಗೆ ಬಂದು, ಮಲದಿಂದ ಹುಲ್ಲಿಗೆ, ಹುಲ್ಲಿನಿಂದ ಮತ್ತೆ ದನಕ್ಕೆ ಹೋಗಿ, ಐದಾರು ತಿಂಗಳಿಗೆ ಗಬ್ಬ ಬಿದ್ದುಹೋಗುತ್ತದೆ. ಒಂದೇ ಕೊಟ್ಟಿಗೆಯಲ್ಲಿ ಮೇಲಿಂದ ಮೇಲೆ ಹಾಗಾದರೆ ದೃಷ್ಟಿ ತೆಗೆಸುವ ಮೊದಲು ನಾಯಿ ಎಲ್ಲಿ ಮಲಗುತ್ತದೆ ಎಂದು ನೋಡಬೇಕು. ಎಷ್ಟೋ ಸಲ ಹುಲ್ಲಟ್ಟದ ಮೇಲೆಯೇ. ಕಸವನ್ನು ಹುಲ್ಲಿನಲ್ಲಿ ಸುತ್ತಿ ಹಾಲು ಬರುವ ಮರದ ಎತ್ತರದ ಕೊಂಬೆಗೆ ಕಟ್ಟುವ ಹಳೆಯ ರೂಢಿ ಯಾವ ನಂಬಿಕೆಯಿಂದ ಬಂತೋ ಏನೋ, ನಾಯಿಗೆ ಎಟುಕದಂತೆ ಇಡುವ ಕೆಲಸವನ್ನಂತೂ ಚೆನ್ನಾಗಿ ಮಾಡುತ್ತಿತ್ತು. ಹೂಳುವುದಾದರೆ ಮೂರಡಿ ಗುಂಡಿ, ಸುಣ್ಣ, ಮೇಲೊಂದು ಚಪ್ಪಡಿ. ಬರೀ ಮಣ್ಣು ಮುಚ್ಚಿದರೆ ಅರ್ಧ ತಾಸಿನಲ್ಲಿ ಕೆದರಿ ತೆಗೆಯುತ್ತದೆ.

ಮಾತ್ರೆಯ ಲೆಕ್ಕ ಹೀಗೆ. ಲಾಡಿಹುಳುವಿಗೆ ಕೆಲಸ ಮಾಡುವುದು ಪ್ರಾಜಿಕ್ವಾಂಟೆಲ್, ನಾಯಿಯ ಒಂದು ಕಿಲೋ ತೂಕಕ್ಕೆ 5 ಮಿಲಿಗ್ರಾಂ. ನಾಯಿಗೆಂದೇ ಸಿಗುವ ಮಿಶ್ರ ಮಾತ್ರೆಗಳಲ್ಲಿ ಸಾಮಾನ್ಯವಾಗಿ 50 ಮಿಲಿಗ್ರಾಂ ಇರುತ್ತದೆ, ಅಂದರೆ 10 ಕಿಲೋಗೆ ಒಂದು, 15 ಕಿಲೋಗೆ ಒಂದೂವರೆ. ತೂಕ ಅಂದಾಜು ಮಾಡಬೇಡಿ, ನಾಯಿಯನ್ನೆತ್ತಿಕೊಂಡು ಅಡಿಕೆ ತೂಗುವ ಕಾಟದ ಮೇಲೆ ನಿಂತು ನಿಮ್ಮ ತೂಕ ಕಳೆಯಿರಿ. ಮನುಷ್ಯರ ಜಂತುಹುಳುವಿನ ಮಾತ್ರೆಯನ್ನು ಕೊಟ್ಟು 'ಆಯ್ತು' ಅನ್ನುವವರು ಬಹಳ. ನಾಯಿಯ ಕರುಳಿನ ಈ ಹುಳುವಿಗೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಹಸಿ ಒಳಭಾಗ ತಿನ್ನುವ, ಅಥವಾ ತಿನ್ನಬಹುದಾದ ನಾಯಿಗೆ ಆರು ವಾರಕ್ಕೊಮ್ಮೆ ಬೇಕು. ಹುಳು ಮೊಟ್ಟೆ ಇಡುವಷ್ಟು ಬೆಳೆಯುವ ಮೊದಲೇ ಮುಂದಿನ ಮಾತ್ರೆ ಬೀಳಬೇಕಲ್ಲ, ಆರು ತಿಂಗಳಿಗೊಮ್ಮೆ ಕೊಟ್ಟರೆ ನಡುವಿನ ನಾಲ್ಕೂವರೆ ತಿಂಗಳು ತೋಟಕ್ಕೆ ಮೊಟ್ಟೆ ಸುರಿಯುತ್ತಲೇ ಇರಬಹುದು. ಮಾತ್ರೆ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಆದ್ದರಿಂದ ಕೊಟ್ಟ ದಿನದಿಂದ ಮೂರು ದಿನ ನಾಯಿಯನ್ನು ಒಂದೇ ಕಡೆ ಕಟ್ಟಿ, ಮಲವನ್ನು ಸಲಿಕೆಯಲ್ಲಿ ತೆಗೆದು ಸುಡಬೇಕು, ಆ ಜಾಗಕ್ಕೆ ಕುದಿನೀರು ಹೊಯ್ಯಬೇಕು. ಗೊಬ್ಬರಗುಂಡಿಗೆ ಮಾತ್ರ ಹಾಕಬಾರದು.

ಅಂಗಡಿಯ ಚೀಲ

ಸಂಜೆ ಏಳರ ಹೊತ್ತಿಗೆ ಯಾವ ಪೇಟೆಯ ಕೋಳಿ ಅಂಗಡಿಗೆ ಹೋದರೂ ಇದು ಕಾಣುತ್ತದೆ. ಗಿರಾಕಿ ಕಡಿಮೆಯಾಗಿ ಅಂಗಡಿಯ ಹುಡುಗ ಹಲಗೆ ತೊಳೆಯಲು ಶುರುಮಾಡಿರುತ್ತಾನೆ. ಬೈಕ್ ನಿಲ್ಲಿಸಿ ಒಬ್ಬರು 'ನಾಯಿಗೆ ಬೇಕಿತ್ತು' ಅನ್ನುತ್ತಾರೆ. ತಲೆ, ಕಾಲು, ಕುತ್ತಿಗೆ, ಚರ್ಮ, ಕರುಳು ಎಲ್ಲ ಒಟ್ಟಿಗಿರುವ ಡ್ರಮ್ಮಿಗೆ ಕೈಹಾಕಿ ಹುಡುಗ ಎರಡು ಕಿಲೋ ತುಂಬಿಸುತ್ತಾನೆ. ಆ ಡ್ರಮ್ಮು ಬೆಳಗಿನಿಂದ ಅಲ್ಲೇ ಇದೆ. ಈ ಸೆಖೆಯಲ್ಲಿ ಹಸಿ ಮಾಂಸ ಹೊರಗಿದ್ದು ಒಂದೆರಡು ತಾಸಿಗೆ ಬ್ಯಾಕ್ಟೀರಿಯಾ ಬಿಡದೆ ಹೆಚ್ಚುತ್ತದೆ, ಹನ್ನೆರಡು ತಾಸಿನ ಡ್ರಮ್ಮಿನ ತಳದ ಕಥೆ ಹೇಳಬೇಕಾಗಿಲ್ಲ. ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಎರಡಕ್ಕೂ ಕೋಳಿಯ ಕರುಳೇ ಮನೆ. ಹಸಿ ಕೋಳಿ ತಿನ್ನುವ ನಾಯಿಗೆ ಹಿಂಗಾಲಿನಿಂದ ಶುರುವಾಗಿ ಮೇಲಕ್ಕೇರುವ ಲಕ್ವದಂಥ ಕಾಯಿಲೆಗೂ ಕ್ಯಾಂಪಿಲೋಬ್ಯಾಕ್ಟರಿಗೂ ನಂಟಿದೆ ಎಂದು ಕಂಡುಕೊಂಡಿದ್ದಾರೆ.

ಮಧ್ಯಾಹ್ನದೊಳಗೆ ಹೋಗಿ, ಪಾತ್ರೆ ಕೊಟ್ಟು, ಕರುಳು ಬಿಟ್ಟು ಉಳಿದದ್ದನ್ನು ಬೇರೆ ಹಾಕಿಸಿಕೊಳ್ಳುವುದಕ್ಕೆ ಯಾವ ಅಂಗಡಿಯವರೂ ಬೇಡ ಅನ್ನುವುದಿಲ್ಲ. ಹತ್ತು ರೂಪಾಯಿ ಹೆಚ್ಚು ಕೊಟ್ಟರೆ ಸಂತೋಷದಿಂದಲೇ ಕೊಡುತ್ತಾರೆ. ಕುತ್ತಿಗೆ, ಕಾಲು ಪ್ರೆಶರ್ ಕುಕ್ಕರಿನಲ್ಲಿ ಮುಕ್ಕಾಲು ತಾಸು ಸಣ್ಣ ಉರಿಯಲ್ಲಿ ಬೆಂದರೆ ಮೂಳೆ ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಪುಡಿಯಾದದ್ದು ಹಾಕಬಹುದು. ಪುಡಿಯಾಗದ ತೊಡೆಮೂಳೆ ತೆಗೆದುಬಿಡಿ. ಸಾರಿನಲ್ಲಿ ಅರ್ಧ ಬೆಂದ ಮೂಳೆ ಸೀಳಿ ಸೂಜಿಯಾಗುತ್ತದೆ, ನೆಂಟರೂಟದ ಮಾರನೆ ದಿನ ನಾಯಿ ಮುಕ್ಕರಿಯುವುದಕ್ಕೆ ಅದೇ ಕಾರಣ. ಕುರಿ, ಆಡಿನ ಲಿವರು ಮತ್ತು ಶ್ವಾಸಕೋಶವನ್ನು ಮುಷ್ಟಿಗಿಂತ ಸಣ್ಣ ತುಂಡು ಮಾಡಿ, ನೀರು ಮರಳಿದ ಮೇಲೆ ಅರ್ಧ ತಾಸು ಕುದಿಸಬೇಕು. ಲಿವರು ಎಷ್ಟು ಸಸ್ತಾ ಸಿಕ್ಕರೂ ಒಟ್ಟು ಊಟದ ಇಪ್ಪತ್ತರಲ್ಲಿ ಒಂದು ಪಾಲು ದಾಟಬಾರದು, ಎ ಜೀವಸತ್ವ ಹೆಚ್ಚಾದರೆ ಕೀಲು ಹಿಡಿಯುತ್ತದೆ.

ಫ್ರಿಜ್ಜಿನಲ್ಲಿಟ್ಟರೆ ಹುಳು ಸಾಯುತ್ತದಲ್ಲ ಎಂಬ ಮಾತೂ ಇದೆ. ಮೈನಸ್ 20 ಡಿಗ್ರಿಯಲ್ಲಿ ವಾರಗಟ್ಟಲೆ ಅಲ್ಲಾಡದೆ ಇದ್ದರೆ ಹೆಚ್ಚಿನ ಮರಿಹುಳು ಸಾಯುತ್ತವೆ ನಿಜ. ಮನೆಯ ಒಂಟಿ ಬಾಗಿಲಿನ ಫ್ರಿಜ್ಜಿನ ಮಂಜುಪೆಟ್ಟಿಗೆ ಅಷ್ಟು ತಣ್ಣಗಾಗುವುದೂ ಇಲ್ಲ, ಆಷಾಢದ ಗಾಳಿಮಳೆಯಲ್ಲಿ ಕಂಬ ಬಿದ್ದು ಎರಡು ದಿನ ಕರೆಂಟಿಲ್ಲದಿದ್ದರೆ ಉಳಿಯುವುದೂ ಇಲ್ಲ. ಬ್ಯಾಕ್ಟೀರಿಯಾ ಅಂತೂ ಹೆಪ್ಪುಗಟ್ಟಿದರೂ ಸಾಯುವುದಿಲ್ಲ, ಮಲಗಿರುತ್ತದೆ. ಕರಗಿದೊಡನೆ ಏಳುತ್ತದೆ.

ರಾತ್ರಿ ಕಾವಲಿನ 15 ಕಿಲೋದ ನಾಟಿ ನಾಯಿಗೆ ದಿನಕ್ಕೆ ಸುಮಾರು 900ರಿಂದ 950 ಕ್ಯಾಲೊರಿ ಬೇಕು. 300 ಗ್ರಾಂ ಅನ್ನ, ಚರ್ಮ ಸಮೇತ ಬೇಯಿಸಿದ 200 ಗ್ರಾಂ ಕೋಳಿ, ಒಂದು ಮೊಟ್ಟೆ, ಒಂದು ಹಿಡಿ ಬೆಂದ ಮೊಗೆಕಾಯಿಯೋ ಸಿಹಿಗುಂಬಳವೋ, ಇಷ್ಟಕ್ಕೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಮೂಳೆ ಹಾಕದ ದಿನ ಅರ್ಧ ಮೊಟ್ಟೆಯ ಚಿಪ್ಪನ್ನು ಹುರಿದು ನುಣ್ಣಗೆ ಪುಡಿಮಾಡಿ ಬೆರೆಸಬೇಕು. ಬರೀ ಮಾಂಸದಲ್ಲಿ ರಂಜಕ ಹೆಚ್ಚು, ಸುಣ್ಣದಂಶ ಇಲ್ಲವೆಂಬಷ್ಟು ಕಡಿಮೆ. ಬೇಟೆಯ ಮನೆಗಳಲ್ಲಿ 'ಬಲ ಬರಲಿ' ಎಂದು ಮರಿಗೆ ಮಾಂಸವನ್ನೇ ಹಾಕಿ ಬೆಳೆಸಿದಾಗ ಮುಂಗಾಲು ಬಿಲ್ಲಿನಂತೆ ಬಾಗುತ್ತಿದ್ದದ್ದು ಇದರಿಂದಲೇ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಬೇಡ, ನಾಯಿಯ ರಕ್ತಕಣ ಒಡೆಯುತ್ತವೆ. ಓಡಾಟಕ್ಕೆ ಮೊದಲು ಹೊಟ್ಟೆ ತುಂಬಿಸಬಾರದು ಎಂಬ ಬೇಟೆಗಾರರ ನಿಯಮ ಮಾತ್ರ ಇವತ್ತಿಗೂ ಸರಿ. ತುಂಬಿದ ಹೊಟ್ಟೆಯಲ್ಲಿ ಓಡಿದರೆ ಜಠರ ಉಬ್ಬಿ ತಿರುಚಿಕೊಳ್ಳುವ ಭಯ, ಎದೆ ಆಳವಿರುವ ಮುಧೋಳದಂಥ ತಳಿಗಳಿಗೆ ಇನ್ನೂ ಹೆಚ್ಚು. ಕಾವಲಿನ ನಾಯಿಗಾದರೆ ಬೆಳಿಗ್ಗೆ ದೊಡ್ಡ ಊಟ, ಸಂಜೆ ಐದಕ್ಕೆ ಸಣ್ಣದು.

ಘಟ್ಟದ ಕೆಳಗೆ

ಕಾರವಾರ, ಅಂಕೋಲಾ, ಕುಮಟಾದಲ್ಲಿ ನಾಯಿ ಪಾಲೆಂದರೆ ಮೀನು. ತಾರ್ಲೆಯ (ಬೂತಾಯಿಯ) ಜಾತಿಯ ಕೆಲವು ಮೀನುಗಳ ಹಸಿ ಮಾಂಸದಲ್ಲಿ ಬಿ1 ಜೀವಸತ್ವವನ್ನು ಒಡೆಯುವ ಕಿಣ್ವ ಇರುತ್ತದೆ. ತಿಂಗಳುಗಟ್ಟಲೆ ಅದನ್ನೇ ಹಸಿ ತಿಂದ ನಾಯಿ ತೂರಾಡಲು ಶುರುಮಾಡುತ್ತದೆ. ಒಂದು ಕುದಿ ಬಂದರೆ ಕಿಣ್ವ ಸತ್ತುಹೋಗುತ್ತದೆ. ಬಂಗಡೆಯದ್ದು ತಿರುವುಮುರುವು: ಐಸಿಲ್ಲದೆ ಬಿಸಿಲಲ್ಲಿ ಬಿದ್ದ ಬಂಗಡೆಯಲ್ಲಿ ಹುಟ್ಟುವ ಹಿಸ್ಟಮಿನ್ ಎಂಬ ವಿಷ ಎಷ್ಟು ಬೇಯಿಸಿದರೂ ಹೋಗದು. ಮನುಷ್ಯರಿಗೆ ಆಗದ ಬಂಗಡೆ ನಾಯಿಗೂ ಆಗದು. ಬಲೆಯಿಂದ ಕೊಡವಿ ದಂಡೆಗೆ ಎಸೆದ ಮೀನುಗಳಲ್ಲಿ ಹೊಟ್ಟೆಯನ್ನು ಚೆಂಡಿನಂತೆ ಊದಿಸಿಕೊಳ್ಳುವ, ಮುಂದೆ ಗಿಣಿಕೊಕ್ಕಿನಂಥ ಹಲ್ಲಿರುವ ಒಂದು ಜಾತಿ ಇರುತ್ತದೆ. ಅದರ ಲಿವರು ಮತ್ತು ತತ್ತಿಯ ವಿಷಕ್ಕೆ ಮದ್ದಿಲ್ಲ, ಬೇಯಿಸಿದರೂ ಇಳಿಯದು. ದಂಡೆಯ ನಾಯಿ ಬಾಯಿ ಹಾಕಿ ಸ್ವಲ್ಪ ಹೊತ್ತಿಗೆ ಕಾಲು ಸೋತು ಮಲಗಿದರೆ ಮೊದಲು ನೆನಪಾಗಬೇಕಾದದ್ದು ಅದೇ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಟ್ಟಿರುತ್ತವೆ, ಬಂದರಿನಲ್ಲಿ ಎಸೆಯುವುದಕ್ಕೆ ಏನೂ ಇರುವುದಿಲ್ಲ. ಆ ಎರಡು ತಿಂಗಳು ದಂಡೆಯ ನಾಯಿಗಳು ಊರೊಳಗೆ ಬಂದು ಕೋಳಿ ಅಂಗಡಿಯ ಹಿಂದೆ ಕೂರುತ್ತವೆ, ಇಲ್ಲವೇ ಹೆಗ್ಗಣ ಹಿಡಿಯುತ್ತವೆ. ಇಲಿಜ್ವರದ ಕಾಲವೂ ಅದೇ. ಮನೆಯ ನಾಯಿಗೆ ಅದರ ಲಸಿಕೆಯನ್ನು ಮೇ ಮುಗಿಯುವುದರೊಳಗೆ ಹಾಕಿಸಬೇಕು. ಮೊದಲ ಸಲವಾದರೆ ಮೂರ್ನಾಲ್ಕು ವಾರದ ಅಂತರದಲ್ಲಿ ಎರಡು ಚುಚ್ಚು ಬೇಕಾಗುವುದರಿಂದ ಏಪ್ರಿಲ್‌ನಲ್ಲೇ ಶುರುಮಾಡಬೇಕು.

ಇಷ್ಟೆಲ್ಲ ಕೇಳಿದ ಮೇಲೆ ಬರುವ ದೂರು ಒಂದೇ: ಹಸಿ ತಿಂದು ರೂಢಿಯಾದ ನಾಯಿ ಬೇಯಿಸಿದ್ದನ್ನು ಮೂಸಿ ಹೋಗುತ್ತದೆ. ಹೋಗಲಿ. ಬೇಯಿಸಿದ ನೀರನ್ನು ಚೆಲ್ಲದೆ ಅನ್ನಕ್ಕೆ ಕಲಸಿ, ಕೈಗೆ ಬೆಚ್ಚಗೆ ಅನಿಸುವಷ್ಟು ಆರಿಸಿ ಇಟ್ಟು, ಕಾಲು ತಾಸಿಗೆ ತಟ್ಟೆ ಎತ್ತಿಬಿಡಿ. ಕಟ್ಟಿಹಾಕಿರುವುದು ಮುಖ್ಯ, ಬಿಟ್ಟರೆ ಬೆಟ್ಟಕ್ಕೆ ಹೋಗಿ ತನ್ನ ಪಾಲು ತಾನೇ ನೋಡಿಕೊಳ್ಳುತ್ತದೆ. ಎರಡನೇ ದಿನ ಮಾಂಸದ ತುಂಡನ್ನಷ್ಟೇ ಆರಿಸಿ ತಿಂದು ಅನ್ನ ಬಿಡುತ್ತದೆ. ಮಾಂಸವನ್ನು ಅನ್ನದೊಡನೆ ಕೈಯಲ್ಲಿ ಹಿಚುಕಿ ಕಲಸಿದರೆ ಆರಿಸಲು ಬರುವುದಿಲ್ಲ. ಸಾಮಾನ್ಯವಾಗಿ ಮೂರನೇ ದಿನ ತಟ್ಟೆ ನೆಕ್ಕುತ್ತದೆ.